ಅಮ್ಮ ಇರುವ ಹಂಚಿನ ಮನೆ: ಮಾಡು (ಚಾವಣಿ) ಮಾಡಿಸಲು ಯಾರನ್ನು ನಂಬಲಿ?

ಪ್ರಶ್ನೆ | ಸಾಗರದವನು, ಈಗ ಬೆಂಗಳೂರು

ಸಾಗರ ತಾಲ್ಲೂಕಿನ ನಮ್ಮ ಮನೆಗೆ ಅಜ್ಜ ಹೊದಿಸಿದ ಮಂಗಳೂರು ಹಂಚು ಇನ್ನೂ ಗಟ್ಟಿಯಾಗಿದೆ. ಹಾಳಾಗಿರುವುದು ಕೆಳಗಿನ ಮರ. ಇಳಿಜಾರಿನ ಪಕಾಸಿ, ಅದರ ಮೇಲೆ ಹಂಚು ಕೂರುವ ಅಡ್ಡಪಟ್ಟಿ ರೀಪು, ಎಲ್ಲಕ್ಕೂ ಗೆದ್ದಲು. ಹೋದ ಮಳೆಗಾಲದಲ್ಲಿ ಅಮ್ಮ ಏಳು ಕಡೆ ಪಾತ್ರೆ ಇಟ್ಟಿದ್ದರಂತೆ. ಫೋನಿನಲ್ಲಿ ಒಂದು ಮಾತು ಹೇಳಲಿಲ್ಲ. ಚೌತಿಗೆ ಹೋದಾಗ ದೇವರ ಕೋಣೆಯಲ್ಲಿ ಹಿಟ್ಟು ಕಲಸುವ ಬೋಗುಣಿ ನೋಡಿ ಗೊತ್ತಾಯಿತು.

ಮರ ತೆಗೆಸಿ ಕಬ್ಬಿಣದ ಟ್ರಸ್ (ಮಾಡು ಹೊರುವ ಚೌಕಟ್ಟು) ಹಾಕಿಸಿ, ಅದೇ ಹಂಚು ಹೊದಿಸಬೇಕು ಅಂತಿದ್ದೇನೆ. ಇಬ್ಬರು ಬಂದು ನೋಡಿದ್ದಾರೆ. ಒಬ್ಬರದು ಚದರಡಿ ಲೆಕ್ಕ, ಇನ್ನೊಬ್ಬರದು ಕಬ್ಬಿಣದ ತೂಕಕ್ಕೆ ಕೆಜಿ ಲೆಕ್ಕ. ಕಡಿಮೆ ಹೇಳಿದವರು ಅರ್ಧ ದುಡ್ಡು ಮೊದಲೇ ಕೇಳುತ್ತಿದ್ದಾರೆ. ನಾನು ದೂರ, ಅಮ್ಮ ಒಬ್ಬರೇ. ನೀವಾದರೆ ಏನು ನೋಡಿ ಕೆಲಸ ಕೊಡುತ್ತೀರಿ?

ಉತ್ತರ | ಹೊಸನಗರ

ಹಂಚಿನ ಸಹವಾಸ ಬಿಡಿ, ಕಲರ್ ಶೀಟ್ ಹೊದಿಸಿ. ನಮ್ಮಲ್ಲಿ ಮಂಗಗಳು ವರ್ಷಕ್ಕೆ ಐವತ್ತು ಹಂಚು ಒಡೆಯುತ್ತಿದ್ದವು. ಈಗ ಆ ತಾಪತ್ರಯವಿಲ್ಲ. ಮಳೆಯ ಸದ್ದು ಮಾತ್ರ ಜೋರು.

ಉತ್ತರ | ತೀರ್ಥಹಳ್ಳಿ ಟೀಚರ್

ತಮ್ಮಾ, ಅಮ್ಮನಿಗೆ ಹಂಚೇ ಬೇಕಿದ್ದರೆ ಹಂಚೇ ಇರಲಿ. ಬೇಸಿಗೆಯ ಮಧ್ಯಾಹ್ನ ಒಳಗೆ ಇರುವವರು ಅವರು.

ನಾನು ಮಾಡಿದ ತಪ್ಪು ಹೇಳುತ್ತೇನೆ, ನೀನು ಮಾಡಬೇಡ. ನಾಲ್ಕು ವರ್ಷದ ಹಿಂದೆ ಒಬ್ಬರು ಮೊಬೈಲಿನಲ್ಲಿ ಫೋಟೊ ತೋರಿಸಿದರು. ಹೊಳೆಯುವ ಮಾಡು, ನೀಟಾದ ಸಾಲು. ಒಪ್ಪಿಬಿಟ್ಟೆ. ಏಪ್ರಿಲ್‌ನಲ್ಲಿ ಕೆಲಸ ಮುಗಿಯಿತು, ದುಡ್ಡು ಪೂರ್ತಿ ಕೊಟ್ಟೆ. ಜುಲೈನಲ್ಲಿ ಗಾಳಿ ಮಳೆ ಹೊಡೆದಾಗ ನಡುಮನೆಯಲ್ಲಿ ನೀರು. ಎರಡು ಇಳಿಜಾರು ಕೂಡುವ ಕಡೆ ಹಾಕಿದ ತಗಡಿನ ದೋಣಿ ತೀರಾ ಸಣ್ಣದು, ತರಗೆಲೆ ಕಟ್ಟಿ ನೀರು ಒಳಗೆ ಉಕ್ಕುತ್ತಿತ್ತು. ಫೋನ್ ಮಾಡಿದರೆ ‘ಮಳೆ ನಿಲ್ಲಲಿ ಅಕ್ಕಾ’ ಅಂದರು. ಮಳೆ ನಿಂತಿತು, ಅವರು ಬರಲಿಲ್ಲ.

ಇನ್ನೊಂದು ಆಮೇಲೆ ತಿಳಿಯಿತು. ನಮ್ಮ ಹಂಚು ಎರಡು ಕಾರ್ಖಾನೆಯವು. ಹಿಂಬದಿಯ ಮುದ್ರೆ ನೋಡು, ಹಳೆಯ ಮನೆಗಳಲ್ಲಿ ಬಾಸೆಲ್ ಮಿಷನ್, 1865 ಎಂದು ಇರುವುದೂ ಉಂಟು. ಒಂದರ ಅಳತೆ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಮರದ ರೀಪಾದರೆ ಕಿತ್ತು ಹೊಡೆಯಬಹುದು, ಬೆಸುಗೆ ಹಾಕಿದ ಕಬ್ಬಿಣವನ್ನು ಏನು ಮಾಡುತ್ತೀ? ನಿನ್ನ ಮನೆಯ ಹಂಚನ್ನೇ ಐದಾರು ಸಾಲು ಜೋಡಿಸಿ ನೋಡಿ, ಆಮೇಲೆ ರೀಪಿನ ಅಂತರ ಗುರುತು ಮಾಡುವವರು ಕೆಲಸ ಬಲ್ಲವರು. ಟೇಪು ಹಿಡಿದು ಬಾಯಲ್ಲೇ ಅಳತೆ ಹೇಳುವವರಿಗೆ ಕೊಡಬೇಡ.

ಎರಡನೇ ಸಲ ಫೋಟೊ ನೋಡಲಿಲ್ಲ. ಮೂರು ಮಳೆಗಾಲ ಕಂಡ ಮನೆ ತೋರಿಸಿ ಅಂದೆ. ಒಬ್ಬರು ಕೊಪ್ಪದ ಹತ್ತಿರದ ಮನೆಗೆ ಕರೆದುಕೊಂಡು ಹೋದರು. ನಾನು ಯಜಮಾನರನ್ನು ಕೇಳಲಿಲ್ಲ, ಅಡುಗೆಮನೆಗೆ ಹೋಗಿ ಅಲ್ಲಿದ್ದ ಅಮ್ಮನನ್ನು ಕೇಳಿದೆ. ‘ಮೊದಲ ವರ್ಷ ಒಂದು ಕಡೆ ತೊಟ್ಟಿಕ್ಕಿತು, ಮಾರನೇ ದಿನವೇ ಹುಡುಗರನ್ನು ಕಳಿಸಿದರು’ ಅಂದರು. ಅಷ್ಟು ಸಾಕಾಯಿತು, ಅವರಿಗೇ ಕೊಟ್ಟೆ.

ಹಳೆಯ ಮರ ಯಾರಿಗೆ ಎನ್ನುವುದನ್ನು ಮೊದಲೇ ಬರೆಸಿಕೋ. ನಮ್ಮ ಹಲಸು, ಹೊನ್ನೆ ತೊಲೆಗಳು ‘ಕಸ’ ಎಂದು ಲಾರಿ ಹತ್ತಿದವು. ಅವುಗಳಲ್ಲಿ ಅರ್ಧ ಚೆನ್ನಾಗಿದ್ದವು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಂಚು ಇಳಿಸುವಾಗ ಎಣಿಸಿಡು.

ಉತ್ತರ | ಫ್ಯಾಬ್ರಿಕೇಶನ್ ಕೆಲಸದವನು, ಶಿವಮೊಗ್ಗ

ಟೀಚರ್ ಹೇಳಿದ್ದು ಸರಿ. ಲೆಕ್ಕದ ಮಾತು ಎರಡು ಸೇರಿಸುತ್ತೇನೆ.

ಚದರಡಿ ಎಂದರೆ ನೆಲದ್ದೋ ಇಳಿಜಾರಿನದ್ದೋ ಕೇಳಿ. 30 ಡಿಗ್ರಿ ಇಳಿಜಾರಿದ್ದರೆ 1000 ಚದರಡಿ ನೆಲದ ಮೇಲೆ ಸುಮಾರು 1155 ಚದರಡಿ ಮಾಡು ಬರುತ್ತದೆ, ಸೂರಿನ ಚಾಚು ಬೇರೆ. ಇಬ್ಬರು ಹೇಳುವ ದರದಲ್ಲಿ ವ್ಯತ್ಯಾಸ ಇಲ್ಲೇ ಅಡಗಿರಬಹುದು.

ಕೆಜಿ ಲೆಕ್ಕದವರಾದರೆ ವೇ ಬ್ರಿಡ್ಜ್ (ಲೋಡು ಸಮೇತ ಗಾಡಿ ತೂಗುವ ಕಡೆ) ಚೀಟಿ ಕೇಳಿ. ಪೈಪಿನ ದಪ್ಪ ಕಣ್ಣಿಗೆ ಗೊತ್ತಾಗುವುದಿಲ್ಲ, ತೂಕ ಸುಳ್ಳು ಹೇಳುವುದಿಲ್ಲ. 20 ಅಡಿಯ, ಎರಡಿಂಚು ಚೌಕದ, 2 ಎಂಎಂ ಪೈಪು ಹತ್ತಿರ ಹತ್ತಿರ 18 ಕೆಜಿ ಬರಬೇಕು. 14, 15 ಕೆಜಿ ತೂಗಿದರೆ ಅದು 1.6 ಎಂಎಂ. ಹಂಚಿನ ಭಾರ ಶೀಟಿನಂತಲ್ಲ; ಯಾವ ಜಾಗಕ್ಕೆ ಎಷ್ಟು ದಪ್ಪ ಎಂದು ಕೊಟೇಶನ್‌ನಲ್ಲಿ ಬರೆದುಕೊಡದವರನ್ನು ಬಿಟ್ಟುಬಿಡಿ.

ಅರ್ಧ ದುಡ್ಡು ಮೊದಲೇ ಕೊಡಬೇಡಿ. ಪೈಪು ಅಂಗಳಕ್ಕೆ ಬಂದಾಗ ಒಂದಷ್ಟು, ಟ್ರಸ್ ನಿಂತಾಗ ಒಂದಷ್ಟು. ಹತ್ತನೇ ಒಂದು ಭಾಗ ಮೊದಲ ದೊಡ್ಡ ಮಳೆ ಮುಗಿಯುವ ತನಕ ನಿಮ್ಮ ಕೈಯಲ್ಲೇ ಇರಲಿ. ನಾನೂ ಗಿರಾಕಿಗಳ ಜೊತೆ ಹೀಗೇ ಮಾತಾಡಿಕೊಳ್ಳುತ್ತೇನೆ, ಕೆಲಸದ ಮೇಲೆ ನಂಬಿಕೆ ಇದ್ದರೆ ಯಾರೂ ಬೇಡ ಅನ್ನುವುದಿಲ್ಲ. ಹುಡುಗರಿಗೆ ಸೇಫ್ಟಿ ಬೆಲ್ಟ್ ಕೊಡುತ್ತಾರಾ ಎಂದೂ ಕೇಳಿ ಸರ್. ಪಾಚಿ ಹಿಡಿದ ಹಂಚಿನ ಮೇಲೆ ಕಾಲು ಜಾರಿ ಬಿದ್ದವರನ್ನು ಕಂಡಿದ್ದೇನೆ.

ಪ್ರಶ್ನೆ ಕೇಳಿದವನು

ಟೀಚರ್, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಇಬ್ಬರು ಕಂಟ್ರಾಕ್ಟರುಗಳಿಗೂ ಫೋನ್ ಮಾಡಿ, ಮೂರು ಮಳೆ ಕಂಡ ಮನೆ ತೋರಿಸಿ ಅಂದೆ. ಅರ್ಧ ದುಡ್ಡು ಕೇಳಿದವರು ‘ನೋಡೋಣ’ ಅಂದರು. ಕೆಜಿ ಲೆಕ್ಕದವರು ಭಾನುವಾರ ರಿಪ್ಪನ್‌ಪೇಟೆ ಕಡೆ ಹೋಗೋಣ ಅಂದಿದ್ದಾರೆ. ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಅಡುಗೆಮನೆಯಲ್ಲಿ ಅವರೇ ಮಾತಾಡಲಿ.