ಅಪ್‌ಡೇಟ್: ಅಂಡಮಾನಿನ ಕಾಲುವೆಯಲ್ಲಿ ಎರಡು ಲಂಗರು ಹಾಕಿದೆವು, ದೋಣಿ ನಿಂತಿತು

ವಿರಾಜಪೇಟೆಯಿಂದ ಮತ್ತೆ ನಾನೇ. ಅಂಡಮಾನಿನಲ್ಲಿ ಎರಡು ದ್ವೀಪಗಳ ನಡುವಿನ ಕಿರುಗಾಲುವೆಯಲ್ಲಿ ಭಾವನ ಹಾಯಿದೋಣಿಯನ್ನು ರಾತ್ರಿಯಿಡೀ ನಿಲ್ಲಿಸುವುದು ಹೇಗೆಂದು ಕೇಳಿದ್ದೆನಲ್ಲ, ಹೋಗಿ ಬಂದೆವು.

ಗೆದ್ದದ್ದು ಎರಡು ಲಂಗರಿನ ಸಲಹೆ. ಒಂದನ್ನು ಉಬ್ಬರ ಬರುವ ಕಡೆಗೆ, ಇನ್ನೊಂದನ್ನು ಇಳಿತ ಬರುವ ಕಡೆಗೆ ಹಾಕಿ, ಎರಡರ ಹಗ್ಗವನ್ನೂ ದೋಣಿಯ ಮುಂಭಾಗಕ್ಕೇ ಕಟ್ಟಬೇಕು. ನಮ್ಮ ಕೊಡಗಿನ ಬರಪೊಳೆ ನದಿ ಎಷ್ಟೇ ರಭಸವಾಗಿದ್ದರೂ ಒಂದೇ ದಿಕ್ಕಿಗೆ ಹರಿಯುತ್ತದೆ. ಆ ಕಾಲುವೆಯ ನೀರು ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ದೋಣಿ ಇದ್ದಲ್ಲೇ ತಿರುಗಿತು, ದಡದತ್ತ ಸರಿಯಲಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಬಿಟ್ಟು ಅಷ್ಟಮಿ ಕಳೆದ ಮೇಲೆ ಹೋಗಿ ಎಂದವರಿಗೂ ವಂದನೆ. ಸೆಳೆತ ನಿಜಕ್ಕೂ ಕಡಿಮೆ.

ದೋಣಿಯ ಹಿಂಬದಿಯಿಂದ ಇನ್ನೊಂದು ಹಗ್ಗವನ್ನು ದಡದ ಕಾಂಡ್ಲಾ (ಮ್ಯಾಂಗ್ರೋವ್) ಮರಕ್ಕೆ ಬಿಗಿಯುವ ಉಪಾಯ ಮಾತ್ರ ಆಗಲಿಲ್ಲ. ನೀರು ಅಡ್ಡಲಾಗಿ ತಳ್ಳಿದಾಗ ಹಗ್ಗ ಸೆಟೆದುಕೊಂಡಿತು, ಬಿಚ್ಚಿಬಿಟ್ಟೆವು. ಅಂಥ ಕಡೆ ಉಪ್ಪುನೀರಿನ ಮೊಸಳೆಗಳೂ ಇರುತ್ತವೆ, ನೀರಿಗಿಳಿಯುವ ಆಸೆ ಬೇಡ.

ಅಚ್ಚರಿಯೆಂದರೆ, ಉಬ್ಬರವಿಳಿತದ ವೇಳಾಪಟ್ಟಿಯ ಪ್ರಕಾರ ಉಬ್ಬರ ಮುಗಿದ ಹೊತ್ತಿಗೂ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇತ್ತು. ಲಂಗರು ಎತ್ತುವಾಗ ಗಡಿಯಾರಕ್ಕಿಂತ ತೇಲುವ ಎಲೆಯನ್ನು ನಂಬಿ. ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದ ಕಾಲುವೆಗಳಿಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಳ್ಳಿ.