ಕೊರಿಯನ್ ಭಾಷೆಯಲ್ಲಿ ಫೋನ್ ಹಚ್ಚುವುದು, ಎತ್ತುವುದು, ಇಡುವುದು: ಹೇಳುವ ಕ್ರಮ ಹೇಗೆ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಪದವಿ ಮುಗಿಸಿ, ಮನೆಯಲ್ಲೇ ಕುಳಿತು ಕೊರಿಯನ್ ಕಲಿಯುತ್ತಿದ್ದೇನೆ. ಹಂಗುಲ್ (ಕೊರಿಯನ್ ಲಿಪಿ) ಓದಲು ಬರುತ್ತದೆ, ಸಣ್ಣ ಸಣ್ಣ ವಾಕ್ಯಗಳೂ ಬರುತ್ತವೆ. ಸೋಲ್ ನಗರದ ಒಂದು ವಿಶ್ವವಿದ್ಯಾಲಯದ ಭಾಷಾ ಕೋರ್ಸಿಗೆ ಅರ್ಜಿ ಹಾಕುವ ವಿಚಾರವಿದ್ದು, ಕೆಲವು ಸಂಗತಿಗಳನ್ನು ಕೇಳಿ ತಿಳಿಯಲು ಅಲ್ಲಿನ ಕಚೇರಿಗೆ ನಾನೇ ಫೋನ್ ಮಾಡಬೇಕಾಗಿದೆ. ಪುಸ್ತಕದಲ್ಲಿ ‘ಚೊನ್‌ಹ್ವಾ’ (ಫೋನ್) ಎಂಬ ಒಂದೇ ಪದಕ್ಕೆ ಹಾದಾ, ಕೊಲ್ದಾ, ಬತ್ತಾ, ಕುನ್ಥಾ ಎಂದು ಹಲವು ಕ್ರಿಯಾಪದಗಳನ್ನು ಜೋಡಿಸಿದ್ದಾರೆ. ಯಾವುದನ್ನು ಯಾವಾಗ ಬಳಸಬೇಕು? ಆ ಕಡೆಯವರು ಫೋನ್ ಎತ್ತಿದ ಮೇಲೆ ಮರ್ಯಾದೆ ತಪ್ಪದಂತೆ ಮಾತು ಆರಂಭಿಸುವುದು, ಮುಗಿಸುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1 (ಬೀದರ್)

ಇಂಗ್ಲಿಷ್ ಪುಸ್ತಕದ ಮೂಲಕ ಕಲಿಯುವವರಿಗೆ ಈ ಕ್ರಿಯಾಪದಗಳು ಗೋಜಲೆನಿಸುತ್ತವೆ. ನಮ್ಮ ಭಾಗದ ಕನ್ನಡದ ಮೂಲಕ ನೋಡಿದರೆ ಅಷ್ಟು ಕಷ್ಟವಿಲ್ಲ. ‘ಚೊನ್‌ಹ್ವಾಹಾದಾ’ ಎಂದರೆ ಫೋನ್ ಮಾಡು. ‘ಚೊನ್‌ಹ್ವಾರುಲ್ ಕೊಲ್ದಾ’ ಎಂದರೆ ನಾವು ದಿನವೂ ಹೇಳುವ ‘ಫೋನ್ ಹಚ್ಚು’, ಅಂದರೆ ನಂಬರ್ ಒತ್ತಿ ಕರೆ ಹಚ್ಚುವ ಕೆಲಸ ಮಾತ್ರ. ಆ ಕಡೆಯವರು ಎತ್ತಲಿ, ಬಿಡಲಿ, ಹಚ್ಚಿದ್ದು ಹಚ್ಚಿದ್ದೇ. ಆದ್ದರಿಂದಲೇ ‘ಹಚ್ಚಿದೆ, ಆದರೆ ಎತ್ತಲಿಲ್ಲ’ ಎಂದು ಹೇಳಲು ‘ಕೊರೊನ್ನುನ್‌ದೆ ಆನ್ ಬಾದಾಸ್ಸೊಯೊ’ ಎನ್ನುತ್ತಾರೆ. ಎತ್ತುವುದಕ್ಕೆ ‘ಬತ್ತಾ’, ಅಂದರೆ ಪಡೆಯುವುದು. ಇಡುವುದಕ್ಕೆ ‘ಕುನ್ಥಾ’, ಅಂದರೆ ಕತ್ತರಿಸುವುದು. ನಾವು ‘ಕಟ್ ಮಾಡಿದ’ ಎನ್ನುವುದಕ್ಕೆ ಇದು ಹತ್ತಿರವಾದರೂ, ನಮ್ಮ ‘ಕಟ್ ಮಾಡಿದ’ದಲ್ಲಿರುವ ಸಿಟ್ಟಿನ ಛಾಯೆ ಅದರಲ್ಲಿ ಇರಲೇಬೇಕೆಂದಿಲ್ಲ. ‘ಇನ್ನು ಇಡ್ತೀನ್ರಿ’ ಎನ್ನುವಷ್ಟೇ ಸಹಜವಾಗಿ ‘ಕುನುಲ್ಕೆಯೊ’ ಎನ್ನಬಹುದು.

ಯಾರಿಗೆ ಫೋನ್ ಮಾಡಿದಿರಿ ಎಂಬುದಕ್ಕೆ ಕನ್ನಡದ ಹಾಗೆ ಚತುರ್ಥಿಯೇ ಬರುತ್ತದೆ. ಗೆಳತಿಗಾದರೆ ‘ಹಾನ್‌ಥೆ’, ಗುರುಗಳಿಗಾದರೆ ಗೌರವದ ‘ಕ್ಕೆ’. (ನಮ್ಮ ‘ಕ್ಕೆ’ ಪ್ರತ್ಯಯದಂತೆ ಕೇಳಿಸುವುದು ಆಕಸ್ಮಿಕ, ಇದರಿಂದ ಭಾಷೆಗಳ ನಂಟು ಹುಡುಕಲು ಹೋಗಬೇಡಿ.)

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಗೌರವದ ಎರಡು ಪದರಗಳ ಬಗ್ಗೆ. ನಮ್ಮ ಕಚೇರಿಗಳಿಗೆ ಫೋನ್ ಹಚ್ಚಿ ‘ಸಾಹೇಬರು ಇದ್ದಾರೇನ್ರಿ?’ ಎಂದು ಕೇಳುವ ಮಾತನ್ನು ಬಿಡಿಸಿ ನೋಡಿ. ‘ಇದ್ದಾರೆ’ ಎಂಬ ರೂಪ ಸಾಹೇಬರಿಗೆ ಸಲ್ಲುವ ಮರ್ಯಾದೆ. ಕೊನೆಯ ‘ರಿ’ ಫೋನ್ ಎತ್ತಿದವರಿಗೆ ಸಲ್ಲುವ ಮರ್ಯಾದೆ. ಕೊರಿಯನ್ನಿನ ‘ಸೊನ್‌ಸೆಂಗ್‌ನಿಮ್ ಕೇಸೆಯೊ?’ (ಗುರುಗಳು ಇದ್ದಾರೆಯೇ?) ಎಂಬ ಪ್ರಶ್ನೆಯ ರಚನೆಯೂ ಇದೇ. ಸಾಮಾನ್ಯ ‘ಇತ್ತಾ’ (ಇರು) ಬಿಟ್ಟು ಗೌರವದ ‘ಕೇಶಿದಾ’ ಬಳಸುವುದು ಗುರುಗಳಿಗಾಗಿ. ಕೊನೆಯ ‘ಯೊ’ ಕೇಳುವವರಿಗಾಗಿ. ‘ರಿ’ ಇಲ್ಲದ ಮಾತು ಹಿರಿಯರ ಕಿವಿಗೆ ಹೇಗೆ ಒರಟಾಗಿ ಬೀಳುತ್ತದೆಯೋ, ‘ಯೊ’ ಇಲ್ಲದ ಮಾತೂ ಹಾಗೆಯೇ ಬೀಳುತ್ತದೆ. ‘ಸಾಹೇಬರು ಸೀಟಿನಲ್ಲಿ ಇಲ್ಲ’ ಎಂಬ ನಮಗೆ ಚಿರಪರಿಚಿತ ಉತ್ತರವೂ ಅಲ್ಲಿದೆ: ‘ಚಿಗುಮ್ ಚಾರಿಎ ಆನ್ ಕೇಶಿಮ್ನಿದಾ’. ‘ಚಾರಿ’ ಎಂದರೆ ಕೂರುವ ಜಾಗವೇ.

ಕನ್ನಡದ ಆಸರೆ ಸಿಗದ ಜಾಗವೂ ಒಂದಿದೆ. ಹಿರಿಯರಿಗೆ ನೀವು ಫೋನ್ ‘ಮಾಡುವುದಿಲ್ಲ’, ವಿನಯದಿಂದ ‘ಅರ್ಪಿಸುತ್ತೀರಿ’. ಆಗ ‘ಹಾದಾ’ ಬದಲು ‘ತುರಿದಾ’ ಬರುತ್ತದೆ. ‘ನಾನೇ ಮತ್ತೆ ಫೋನ್ ಮಾಡುತ್ತೇನೆ’ ಎನ್ನಲು ‘ಚೊನ್‌ಹ್ವಾ ತುರಿಲ್ಕೆಯೊ’. ತನ್ನನ್ನು ತಗ್ಗಿಸಿಕೊಂಡು ಹೇಳುವ ಇಂಥ ಕ್ರಿಯಾಪದ ನಮ್ಮ ದಿನಬಳಕೆಯ ಮಾತಿನಲ್ಲಿ ಇಲ್ಲವಾದ್ದರಿಂದ, ಇದನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

ಉತ್ತರ 2 (ಯಾದಗಿರಿ)

ಮೇಲಿನ ವಿವರಣೆಗೆ ಕೆಲವು ವ್ಯಾವಹಾರಿಕ ಮಾತುಗಳನ್ನು ಸೇರಿಸುತ್ತೇನೆ. ಕೊರಿಯಾದ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಸಂಜೆ 6 ಆದಾಗ ಇಲ್ಲಿ ಮಧ್ಯಾಹ್ನ 2.30; ಊಟ ಮುಗಿಸಿ ನಿಧಾನವಾಗಿ ಹಚ್ಚಿದರೆ ಗಂಟೆ ಬಾರಿಸುತ್ತಲೇ ಇರುತ್ತದೆ. ಅವರ ಊಟದ ಹೊತ್ತು ನಮ್ಮ ಬೆಳಗಿನ 8.30ರಿಂದ 9.30ರ ಸುಮಾರಿಗೆ ಬರುವುದರಿಂದ, 10ರ ಮೇಲೆ ಹಚ್ಚುವುದು ಒಳ್ಳೆಯದು. ದೇಶದ ಕೋಡ್ 82. ಸೋಲ್ ನಗರದ 02ರಲ್ಲಿರುವ ಸೊನ್ನೆಯನ್ನು ಬಿಟ್ಟು, 82ರ ನಂತರ ನೇರವಾಗಿ 2 ಒತ್ತಬೇಕು.

ಅವರು ನಂಬರ್ ಹೇಳಿದರೆ ಬರೆದುಕೊಳ್ಳುವ ಅಭ್ಯಾಸ ಈಗಲೇ ಮಾಡಿ. ಫೋನ್ ನಂಬರಿಗೆ ಇಲ್, ಇ, ಸಾಮ್, ಸಾ (1, 2, 3, 4) ಎಂಬ ಸರಣಿ ಮಾತ್ರ ನಡೆಯುತ್ತದೆ. ಸೊನ್ನೆಯನ್ನು ಸಾಮಾನ್ಯವಾಗಿ ‘ಕೊಂಗ್’ ಎನ್ನುತ್ತಾರೆ. ಮೊಬೈಲ್ ನಂಬರಿನ ಆರಂಭದ 010 ಎಂಬುದು ‘ಕೊಂಗ್ ಇಲ್ ಗೊಂಗ್’. ನಡುವಿನ ಅಡ್ಡಗೆರೆಯನ್ನು ‘ಎ’ ಎಂದು ಓದುತ್ತಾರೆ, ಅದನ್ನು ಅಂಕಿಯೆಂದು ತಿಳಿಯಬೇಡಿ. ನಮ್ಮ ‘ಡಬಲ್ ಫೋರ್’ ಪದ್ಧತಿ ಅಲ್ಲಿಲ್ಲ, ಪ್ರತಿ ಅಂಕಿಯನ್ನೂ ಬಿಡಿಯಾಗಿಯೇ ಹೇಳಬೇಕು. ಲೈನ್ ಸರಿಯಿಲ್ಲದಾಗ ‘ಇಲ್’ ಮತ್ತು ‘ಇ’ ಒಂದೇ ಆಗಿ ಕೇಳಿಸುತ್ತವೆ. ತಿರುಗಿ ಓದಿ ಖಚಿತಪಡಿಸಿಕೊಳ್ಳಿ.

ಇನ್ನೊಂದು ಮಾತು. ಅವರು ಮಾತಾಡುವಾಗ ನಡುನಡುವೆ ‘ನೆ, ನೆ’ ಎನ್ನುತ್ತಿರಿ. ಇದು ಒಪ್ಪಿಗೆಯಲ್ಲ, ‘ಹಾಂ ರೀ, ಕೇಳಾಕತ್ತೀನಿ’ ಎನ್ನುವಂಥದ್ದು. ಸುಮ್ಮನಿದ್ದರೆ ಲೈನ್ ಹೋಯಿತೆಂದು ಅವರು ಮತ್ತೆ ‘ಯೊಬೊಸೆಯೊ?’ (ಹಲೋ?) ಎನ್ನುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹೀಗೆ ಆರಂಭಿಸಬೇಕೆಂದು ಬರೆದುಕೊಂಡಿದ್ದೇನೆ: ಮೊದಲು ‘ಯೊಬೊಸೆಯೊ’, ಆಮೇಲೆ ನನ್ನ ಹೆಸರಿಗೆ ‘ಶ್ಶಿ’ ಸೇರಿಸಿ ‘ಇಮ್ನಿದಾ’ (ಆಗಿದ್ದೇನೆ), ನಂತರ ‘ಇಂದೊಎಸೊ ಚೊನ್‌ಹ್ವಾ ತುರಿಮ್ನಿದಾ’ (ಭಾರತದಿಂದ ಫೋನ್ ಮಾಡುತ್ತಿದ್ದೇನೆ). ಮುಗಿಸುವಾಗ ‘ಕುನುಲ್ಕೆಯೊ’. ಸರಿಯಿದೆಯೇ? ಅವರ ಕರೆ ಬಂದಾಗ ನಾನು ಎತ್ತದೇ ಹೋದರೆ ಏನು ಹೇಳಬೇಕು?

ಉತ್ತರ 3 (ಬೀದರ್, ಮೊದಲ ಉತ್ತರ ಬರೆದವರು)

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಎಡವಿದರೆ ಅರ್ಥವೇ ಬೇರೆಯಾಗುತ್ತದೆ. ‘ಆನ್ ಬಾದಾಸ್ಸೊಯೊ’ ಎಂದರೆ ‘ಎತ್ತಲಿಲ್ಲ’, ಅಂದರೆ ಬೇಕೆಂದೇ ಎತ್ತಲಿಲ್ಲ ಎಂಬ ಧ್ವನಿ ಬರಬಹುದು. ‘ಮೊತ್ ಪಾದಾಸ್ಸೊಯೊ’ ಎಂದರೆ ‘ಎತ್ತಲಿಕ್ಕೆ ಆಗಲಿಲ್ಲ’. ಕ್ಷಮೆ ಕೇಳುವಾಗ ಎರಡನೆಯದೇ ಬೇಕು.

ಆರಂಭದಲ್ಲಿ, ನೀವು ಕರೆ ಮಾಡಿದ ಕಾರಣವನ್ನು ಹೇಳುವ ಮೊದಲು ‘ತಾರುಮಿ ಆನಿರಾ’ ಎಂದರೆ ಮಾತು ಮೃದುವಾಗುತ್ತದೆ. ‘ಮತ್ತೇನಿಲ್ರಿ, ಅಡ್ಮಿಷನ್ ವಿಷಯ ಕೇಳೋದಿತ್ತು’ ಎಂದು ನಾವು ಪೀಠಿಕೆ ಹಾಕುತ್ತೇವಲ್ಲ, ಅದೇ. ಅರ್ಥವಾಗದಿದ್ದರೆ ‘ಛೊನ್‌ಛೊನ್ಹಿ ಮಾಲ್ಸುಮ್ಹೆ ಜುಸೆಯೊ’ (ನಿಧಾನವಾಗಿ ಹೇಳಿರಿ) ಎನ್ನಿ. ಕಚೇರಿಯವರಿಗೆ ‘ಕುನುಲ್ಕೆಯೊ’ ಸ್ವಲ್ಪ ಸಲಿಗೆಯದಾಗುತ್ತದೆ. ‘ಕಾಮ್ಸಾಹಾಮ್ನಿದಾ’ ಎಂದು ಧನ್ಯವಾದ ಹೇಳಿ ನಿಲ್ಲಿಸಿ, ಅವರು ಇಟ್ಟ ಮೇಲೆ ನೀವು ಇಡುವುದು ಮರ್ಯಾದೆ. ಅವರು ಕೊನೆಗೆ ‘ತುರೊಗಾಸೆಯೊ’ ಎಂದರೆ ಗಾಬರಿಯಾಗಬೇಡಿ. ಅಕ್ಷರಶಃ ‘ಒಳಗೆ ಹೋಗಿ’ ಎಂದಾದರೂ ಫೋನಿನಲ್ಲಿ ಅದು ಬೀಳ್ಕೊಡುವ ಮಾತು.

ಹೆಸರಿನ ಮುಂದಿನ ‘ಶ್ಶಿ’ಯನ್ನು ಮಾತ್ರ ತೆಗೆದುಬಿಡಿ. ಅದು ಬೇರೆಯವರ ಹೆಸರಿಗೆ ಸೇರಿಸುವ ಗೌರವಸೂಚಕ; ‘ನಾನು ಇಂಥವರು’ ಎಂದು ನಾವೂ ಹೇಳಿಕೊಳ್ಳುವುದಿಲ್ಲ. ಮೊದಲ ಪರಿಚಯಕ್ಕೆ ‘ರಾಗೊ ಹಾಮ್ನಿದಾ’ (ಎನ್ನುತ್ತಾರೆ) ಇನ್ನೂ ಚೆನ್ನಾಗಿ ಒಪ್ಪುತ್ತದೆ. ಹೆಸರು ಸ್ವರದಲ್ಲಿ ಮುಗಿದರೆ ‘ರಾಗೊ’, ವ್ಯಂಜನದಲ್ಲಿ ಮುಗಿದರೆ ‘ಇರಾಗೊ’. ನಮ್ಮ ಕಡೆಯ ಹೆಸರುಗಳಿಗೆ ಬಹುತೇಕ ಮೊದಲನೆಯದೇ ಸಾಕಾಗುತ್ತದೆ.