ಅಪ್‌ಡೇಟ್: ಮಂಗಳೂರು–ಕಾರವಾರ ಸೈಕಲ್ ಪ್ರವಾಸದಲ್ಲಿ ಚಾರ್ಜಿಂಗ್

ಮಂಗಳೂರಿನಿಂದ ಕಾರವಾರದವರೆಗೆ ಐದು ದಿನ ಸೈಕಲ್ ತುಳಿಯುವಾಗ ಫೋನ್ ಮತ್ತು ದೀಪಗಳನ್ನು ಚಾರ್ಜ್ ಮಾಡುವುದು ಹೇಗೆಂದು ಎರಡು ವಾರದ ಹಿಂದೆ ಕೇಳಿದ್ದೆ. ಪ್ರವಾಸ ಮುಗಿಸಿ ಮರಳಿದ್ದೇನೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಕೊನೆಗೆ ಕೈಹಿಡಿದದ್ದು, 20,000 ಎಂಎಎಚ್ (ಬ್ಯಾಟರಿ ಸಾಮರ್ಥ್ಯದ ಅಳತೆ) ಪವರ್ ಬ್ಯಾಂಕ್ ಒಯ್ದು, ಮಧ್ಯಾಹ್ನ ಊಟದ ಹೋಟೆಲಿನಲ್ಲಿ ಕೇಳಿಕೊಂಡು ಫೋನನ್ನೂ ರಾತ್ರಿ ಲಾಡ್ಜಿನಲ್ಲಿ ಪವರ್ ಬ್ಯಾಂಕನ್ನೂ ಚಾರ್ಜ್ ಮಾಡಿಕೊಳ್ಳಿ ಎಂಬ ಸಲಹೆ. ನಕ್ಷೆಗಳನ್ನು ಮೊದಲೇ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟಿದ್ದರಿಂದ ಸಂಜೆಗೂ ಅರ್ಧದಷ್ಟು ಚಾರ್ಜ್ ಉಳಿಯುತ್ತಿತ್ತು.

ಕ್ಯಾರಿಯರ್ ಮೇಲೆ ಕಟ್ಟಿದ್ದ ಸೋಲಾರ್ ಪ್ಯಾನೆಲ್ ಮಾತ್ರ ನಿರಾಶೆಗೊಳಿಸಿತು. ಮರಗಳ ನೆರಳು ಬಿದ್ದಾಗಲೆಲ್ಲ ಚಾರ್ಜಿಂಗ್ ನಿಂತುಹೋಗುತ್ತಿತ್ತು; ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿಯಿರುವ ಮರವಂತೆಯ ಬಿಸಿಲಿನಲ್ಲಷ್ಟೇ ಅದು ನೆಟ್ಟಗೆ ಕೆಲಸ ಮಾಡಿತು. ಚಕ್ರ ತಿರುಗಿದಂತೆ ವಿದ್ಯುತ್ ಉತ್ಪಾದಿಸುವ ಡೈನಮೊ ಹಬ್ ಹಾಕಿಸಲು ಮುಂದಿನ ಚಕ್ರವನ್ನೇ ಬದಲಿಸಬೇಕಾಗಿದ್ದರಿಂದ ಆ ಗೋಜಿಗೆ ಹೋಗಲಿಲ್ಲ.

ನನಗೆ ಅಚ್ಚರಿಯೆನಿಸಿದ ಸಂಗತಿಗಳು ಎರಡು. ಪವರ್ ಬ್ಯಾಂಕಿನ ಮೇಲೆ ಬರೆದ 20,000 ಎಂಬುದು ಒಳಗಿನ ಬ್ಯಾಟರಿಯ 3.7 ವೋಲ್ಟ್ ಲೆಕ್ಕ. ಯುಎಸ್‌ಬಿಯಿಂದ ಹೊರಬರುವ 5 ವೋಲ್ಟಿನ ಲೆಕ್ಕದಲ್ಲಿ ಅದು 14,800 ಮಾತ್ರ, ವೋಲ್ಟ್ ಏರಿಸುವಾಗ ಆಗುವ ನಷ್ಟ ಕಳೆದರೆ ಇನ್ನೂ ಕಡಿಮೆ. ಎರಡನೆಯದಾಗಿ, ಹಿಂಬದಿಯ ಪುಟ್ಟ ದೀಪವೊಂದನ್ನೇ ಸಿಕ್ಕಿಸಿದರೆ ಅದು ಎಳೆಯುವ ಕರೆಂಟು ತೀರಾ ಅಲ್ಪವಾದ್ದರಿಂದ ಪವರ್ ಬ್ಯಾಂಕ್ ತಾನಾಗಿಯೇ ಆಫ್ ಆಗುತ್ತಿತ್ತು. ಜೊತೆಗೆ ಫೋನನ್ನೂ ಸಿಕ್ಕಿಸಿದ ಮೇಲೆ ದೀಪವೂ ಪೂರ್ತಿ ಚಾರ್ಜ್ ಆಯಿತು.